ಪೈಪು ಹಾಕುವ ಮುಂಚೆ

ಗೇರ್‌ಬಾಕ್ಸಿನೊಳಗಿನ ಬಿಗಿ ನಟ್ಟನ್ನು ಏನೂ ಮುರಿಯದೆ ಬಿಚ್ಚುವುದು ಹೇಗೆ ಅಂತ ಬಸವನಗುಡಿಯ ಒಂದು ಸಣ್ಣ ಸಭಾಂಗಣದಲ್ಲಿ ಒಂದು ಭಾನುವಾರ ಬೆಳಗ್ಗೆ ಆಡಿದ ಮಾತು ಇದು. ಹಳೆಯ ಕಾರು ಇಟ್ಟುಕೊಂಡವರು, ಡಿಪ್ಲೊಮಾ ಓದುವ ಹುಡುಗರು, ನಮ್ಮ ಮೆಕ್ಯಾನಿಕ್ ಕಸುಬಿನವರೇ ನಾಲ್ಕೈದು ಜನ ಬಂದಿದ್ದರು. ಬರೆಯುವಾಗ ನನ್ನ ಬಾಯಲ್ಲಿ ಪದೇಪದೇ ಬರುವ ‘ಆಮೇಲೆ’ಗಳನ್ನು ಕಿತ್ತುಹಾಕಿದ್ದೇನೆ. ಉಳಿದದ್ದು ಹೆಚ್ಚುಕಮ್ಮಿ ಆಡಿದ ಹಾಗೇ ಇದೆ.

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲೆ ನಾಲ್ಕು ಪದರ ಪೇಪರು ಹಾಸಿ ಇಟ್ಟಿರುವುದು ಐದು ಗೇರಿನ ಒಂದು ಚಿಕ್ಕ ಕಾರಿನ ಗೇರ್‌ಬಾಕ್ಸು. ಎಣ್ಣೆ ಪೂರ್ತಿ ಬಸಿದೇ ತಂದಿದ್ದೇನೆ. ಆದರೂ ಸಭಾಂಗಣ ನೋಡಿಕೊಳ್ಳುವವರು ಬಾಗಿಲಲ್ಲೇ ನಿಂತು ಈ ಕಡೆ ಕಣ್ಣಿಟ್ಟಿದ್ದಾರೆ. ಅವರ ಭಯ ನ್ಯಾಯವಾದದ್ದೇ. ಗೇರ್ ಆಯಿಲಿನ ವಾಸನೆ ಒಮ್ಮೆ ಮರಕ್ಕೆ ಹಿಡಿದರೆ ಮುಂದಿನ ಮೂರು ನಾಮಕರಣದ ಊಟದವರೆಗೂ ಇರುತ್ತದೆ.

ಪೆಟ್ಟಿಗೆಗೆ ಕೈ ಹಾಕುವ ಮುಂಚೆ ಈ ತುಂಡನ್ನು ಕೈಯಿಂದ ಕೈಗೆ ದಾಟಿಸಿ. ಜೋಪಾನ, ಒಂದು ಅಂಚು ಚೂಪಿದೆ. ಇದೊಂದು ನಟ್ಟು, ಅದರ ಹೊಟ್ಟೆಯೊಳಗೆ, ಗೇರುಗಳನ್ನು ಹೊತ್ತು ತಿರುಗುವ ಶಾಫ್ಟಿನ ಮುರಿದ ತುದಿ. ಹೆಬ್ಬೆಟ್ಟಿನ ದಪ್ಪದ ಉಕ್ಕು. ಇದನ್ನು ಮುರಿದವನು ನಾನು. ಆಗ ನನಗೆ ಹದಿನೇಳು ವರ್ಷ.

ವಿಲ್ಸನ್ ಗಾರ್ಡನ್‌ನಲ್ಲಿ ತಗಡಿನ ಶೆಡ್ಡಿನ ಒಂದು ಗ್ಯಾರೇಜು. ಉಸ್ತಾದರು ಬಿಡಿಭಾಗ ತರಲು ಜೆ.ಸಿ. ರಸ್ತೆಗೆ ಹೋಗಿದ್ದರು. ಹೋಗುವಾಗ, ‘ಆ ನಟ್ಟು ಮುಟ್ಟಬೇಡ, ನಾನು ಬಂದಮೇಲೆ ನೋಡೋಣ’ ಅಂತ ಹೇಳಿಯೇ ಹೋಗಿದ್ದರು. ನಾನು ಮತ್ತು ಇನ್ನೊಬ್ಬ ಹುಡುಗ, ಅವರು ಬರುವಷ್ಟರಲ್ಲಿ ಬಿಚ್ಚಿ ಇಟ್ಟು ಭೇಷ್ ಅನ್ನಿಸಿಕೊಳ್ಳೋಣ ಅಂತ ಹೊರಟೆವು. ಶಾಫ್ಟು ತಿರುಗದ ಹಾಗೆ ಗೇರಿನ ಹಲ್ಲುಗಳ ಮಧ್ಯೆ ಸ್ಕ್ರೂಡ್ರೈವರ್ ತುರುಕಿದೆವು. ಸ್ಪ್ಯಾನರಿಗೆ ನಾಲ್ಕಡಿ ನೀರಿನ ಪೈಪು ತೊಡಿಸಿದೆವು. ಇಬ್ಬರೂ ನೇತುಬಿದ್ದೆವು. ಮೊದಲು ಒಂದು ‘ಕ್ರೀ’ ಅಂತ ಸದ್ದು ಬಂತು. ‘ಬಂತು, ಬಂತು’ ಅಂದ ಅವನು. ಇನ್ನೊಮ್ಮೆ ಜಗ್ಗಿದೆವು. ‘ಟಣ್’ ಅಂದಿತು, ಇಬ್ಬರೂ ನೆಲಕ್ಕೆ ಬಿದ್ದೆವು. ಗೇರಿನ ಒಂದು ಹಲ್ಲೂ ಚಕ್ಕೆ ಎದ್ದಿತ್ತು. ಹಾವೂ ಸಾಯಬೇಕು ಕೋಲೂ ಮುರಿಯಬಾರದು ಅನ್ನುತ್ತಾರಲ್ಲ, ನಮ್ಮದರಲ್ಲಿ ಹಾವು ಹಾಗೇ ಇತ್ತು, ಕೋಲು ಮಾತ್ರ ಮುರಿದಿತ್ತು.

ಉಸ್ತಾದರು ಬಂದು ನೋಡಿದರು. ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಆ ತುಂಡನ್ನು ಕೈಗೆತ್ತಿಕೊಂಡು, ‘ಇದರಲ್ಲಿ ಎಷ್ಟು ತಪ್ಪಿದೆ ಎಣಿಸು’ ಅಂದರು. ನಾನು ಒಂದು ಅಂದೆ. ಮೂರಿದ್ದವು. ಆ ಶಾಫ್ಟಿಗೆ ಜೊತೆ ಹುಡುಕಿಕೊಂಡು ಶಿವಾಜಿನಗರದ ಗುಜರಿ ಅಂಗಡಿಗಳನ್ನು ಮೂರು ದಿನ ಸುತ್ತಿದ್ದೇನೆ. ಸಿಕ್ಕಿದ್ದರ ದುಡ್ಡು ನನ್ನ ವಾರದ ಕೂಲಿಯಲ್ಲಿ ಸ್ವಲ್ಪಸ್ವಲ್ಪ ಕಡಿತವಾಯಿತು.

ತುಂಡು ಈಗ ಎರಡನೇ ಸಾಲಿಗೆ ಬಂದಿದೆ. ನಟ್ಟಿನಾಚೆ ಇಣುಕುವ ಎರಡು ಸುತ್ತು ಥ್ರೆಡ್ ನೋಡಿ. ತುಂಡನ್ನು ನೆಟ್ಟಗೆ ನಿಲ್ಲಿಸಿ ಹಿಡಿಯಿರಿ. ಗೆರೆಗಳು ಬಲಕ್ಕೆ ಏರುತ್ತಿವೆಯೋ ಎಡಕ್ಕೋ? ಎಡಕ್ಕೆ. ಅಂದರೆ ಉಲ್ಟಾ ಥ್ರೆಡ್. ನಾವು ಬಿಚ್ಚುತ್ತಿದ್ದೇವೆ ಅಂದುಕೊಂಡು ಬಿಗಿ ಮಾಡುತ್ತಿದ್ದೆವು. ಈಗ ನಟ್ಟಿನ ಮೇಲ್ತುದಿಯ ತೆಳು ಕಾಲರನ್ನು ನೋಡಿ. ಒಂದು ಕಡೆ ಒಳಕ್ಕೆ ಗುಳಿಬಿದ್ದು ಲೋಹ ಹರಿದು ಎಳೆದುಕೊಂಡು ಹೋಗಿದೆ. ಅದು ಬೀಗ. ಬೀಗ ತೆಗೆಯದೆಯೇ ಬಾಗಿಲು ಜಗ್ಗಿದ್ದೆವು. ಮೂರನೆಯದು ತುಂಡಿನಲ್ಲಿ ಕಾಣುವುದಿಲ್ಲ, ಅದು ಸ್ಕ್ರೂಡ್ರೈವರಿನದು.

ಲೆಕ್ಕ ಹಾಕಿ ನೋಡೋಣ. ಹುಡುಗರು ಇದ್ದೀರಿ, ಬೇಜಾರಾಗುವುದಿಲ್ಲ. ನಾವಿಬ್ಬರೂ ಸೇರಿ ನೂರು ಕಿಲೋ ಅಂತಿಟ್ಟುಕೊಳ್ಳಿ. ನಾಲ್ಕಡಿ ಪೈಪು ಅಂದರೆ ಹೆಚ್ಚುಕಮ್ಮಿ 1.2 ಮೀಟರು. 100ನ್ನು 9.8ರಿಂದಲೂ 1.2ರಿಂದಲೂ ಗುಣಿಸಿದರೆ 1,176. ಸುಮಾರು 1,200 ನ್ಯೂಟನ್ ಮೀಟರ್ ತಿರುಚುಬಲ. ಆ ನಟ್ಟಿಗೆ ತಯಾರಕರು ಹೇಳಿದ್ದು ನೂರರ ಆಸುಪಾಸು. ನೂರಕ್ಕೆ ಬಿಗಿದ ನಟ್ಟು ಇನ್ನೂರಕ್ಕೆ ಬರದಿರಬಹುದು. ಕೆಲವು ಸಲ ಇನ್ನೂರೈವತ್ತು ಕೇಳುತ್ತದೆ. ಆದರೆ ಐದಾರು ಪಟ್ಟು ಹಾಕಿದರೂ ಅಲುಗುತ್ತಿಲ್ಲ ಅಂದರೆ ಅದು ನಿಮ್ಮ ಶಕ್ತಿಯ ಪ್ರಶ್ನೆಯೇ ಅಲ್ಲ. ನಿಮಗೆ ಗೊತ್ತಿಲ್ಲದ ಏನೋ ಒಂದು ಅದನ್ನು ಹಿಡಿದಿದೆ, ಇಲ್ಲವೇ ದಿಕ್ಕು ತಪ್ಪಿದೆ. ಆ ಕ್ಷಣಕ್ಕೆ ಪೈಪು ಕೆಳಗಿಟ್ಟು ಟಾರ್ಚು ಎತ್ತಿಕೊಳ್ಳಬೇಕು. ಇವತ್ತು ನಾನು ಹೇಳಲಿಕ್ಕೆ ಬಂದಿರುವುದು ಇಷ್ಟೇ. ಉಳಿದ ಸಮಯವೆಲ್ಲ ಟಾರ್ಚು ಹಾಕಿ ಏನು ನೋಡಬೇಕು ಅನ್ನುವುದಕ್ಕೆ.

ಒಂದು ತಪ್ಪು ಕಲ್ಪನೆ ಮೊದಲು ಹೋಗಲಿ. ಹೊರಗಡೆಯ ನಟ್ಟು, ಸೈಲೆನ್ಸರಿನದೋ ಸಸ್ಪೆನ್ಷನ್ನಿನದೋ, ಜಾಮ್ ಆಗುವುದು ತುಕ್ಕಿನಿಂದ. ಅದಕ್ಕೆ ಡಬ್ಲ್ಯೂಡಿ-40 ಹೊಡೆದು, ಡೀಸೆಲ್ ಬಿಟ್ಟು, ರಾತ್ರಿಯೆಲ್ಲ ನೆನೆಹಾಕುವುದು ಸರಿ. ಗೇರ್‌ಬಾಕ್ಸಿನ ಒಳಗಿನ ನಟ್ಟು ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಮುಳುಗಿ ಕೂತಿದೆ. ಅದಕ್ಕೆ ಇನ್ನಷ್ಟು ಎಣ್ಣೆ ಬಿಟ್ಟರೆ ಮೀನಿಗೆ ನೀರು ಕುಡಿಸಿದ ಹಾಗೆ. ನೀರು ನುಗ್ಗಿದ ಪೆಟ್ಟಿಗೆಯ ಮಾತು ಬೇರೆ. ಮಳೆಗಾಲದಲ್ಲಿ ಅಂಡರ್‌ಪಾಸಿನಲ್ಲಿ ಮುಳುಗಿ ಬಂದ ಕಾರುಗಳನ್ನು ಬಿಚ್ಚಿದ್ದೇನೆ, ಅವುಗಳಲ್ಲಿ ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿರುತ್ತದೆ. ಅಂಥದ್ದರಲ್ಲಿ ತುಕ್ಕೂ ಇರುತ್ತದೆ. ಮಾಮೂಲಿ ಪೆಟ್ಟಿಗೆಯಲ್ಲಿ ನಟ್ಟು ಗಟ್ಟಿಯಾಗಿ ಕೂತಿರುವುದು ಬೇಕಂತಲೇ ಹಾಗೆ ಕೂರಿಸಿರುವುದರಿಂದ.

ಕೂರಿಸುವ ಬಗೆಗಳು ಹಲವು. ಹಳೆಯ ಗಾಡಿಗಳಲ್ಲಿ ಕಿರೀಟದ ಹಾಗೆ ಕಚ್ಚುಗಳಿರುವ ನಟ್ಟಿಗೆ ಅಡ್ಡಡ್ಡ ಸ್ಪ್ಲಿಟ್ ಪಿನ್ನು. ಅದು ಕಣ್ಣಿಗೆ ಕಾಣುತ್ತದೆ, ಯಾರೂ ಮೋಸ ಹೋಗುವುದಿಲ್ಲ. ಪಿನ್ನು ಮುರಿದು ಅರ್ಧ ತುಂಡು ರಂಧ್ರದಲ್ಲೇ ಉಳಿದಿದೆಯೇ ಅಂತ ನೋಡಿಕೊಂಡರೆ ಸಾಕು. ಇನ್ನು ಕೆಲವದರಲ್ಲಿ ಕಿವಿಯಿರುವ ವಾಷರು. ಕಿವಿಯನ್ನು ನಟ್ಟಿನ ಪಕ್ಕೆಗೆ ಮಡಚಿರುತ್ತಾರೆ, ಬಿಡಿಸಿದರೆ ಆಯಿತು. ನೈಲಾನ್ ಉಂಗುರದ ನಟ್ಟಿಗೆ ಬೀಗವೇ ಇಲ್ಲ, ಕೊನೆಯವರೆಗೂ ಬಿಗಿಯಾಗಿ ತಿರುಗುತ್ತದೆ ಅಷ್ಟೇ. ಥ್ರೆಡ್ಡಿಗೆ ಹಚ್ಚುವ ಅಂಟಿನ ವಿಷಯ ಬಿಸಿ ಕಾಯಿಸುವ ಮಾತು ಬಂದಾಗ ಹೇಳುತ್ತೇನೆ.

ಮೋಸ ಮಾಡುವುದು ಕಾಲರಿನ ನಟ್ಟು. ಮೇಜಿನ ಮೇಲಿರುವುದು ಅದೇ. ಮುಂದೆ ಬನ್ನಿ, ನಾಲ್ಕು ಜನ ಒಟ್ಟಿಗೆ ಬನ್ನಿ. ನಟ್ಟಿನ ಮೇಲೆ ತೆಳುವಾದ ಒಂದು ಬಳೆಯಂಥ ಅಂಚು ಕಾಣುತ್ತದಲ್ಲವೇ? ಶಾಫ್ಟಿನ ತುದಿಯಲ್ಲಿ ಉದ್ದಕ್ಕೆ ಒಂದು ಕಚ್ಚು ಇದೆ. ನಟ್ಟು ಬಿಗಿದ ಮೇಲೆ ಪಂಚ್ ಇಟ್ಟು ಆ ಬಳೆಯನ್ನು ಕಚ್ಚಿನೊಳಕ್ಕೆ ಹೊಡೆದು ಗುಳಿ ಮಾಡುತ್ತಾರೆ. ಅಷ್ಟೇ ಬೀಗ. ಆದರೆ ವರ್ಷಗಟ್ಟಲೆ ಕಪ್ಪು ಎಣ್ಣೆಯ ಜಿಡ್ಡು ಕೂತು ಆ ಗುಳಿ ಮುಚ್ಚಿಹೋಗಿರುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಸ್ವಲ್ಪ ಸೀಮೆಎಣ್ಣೆ. ಮೊದಲ ಕೆಲಸ ಅದೇ. ಈ ಎರಡು ನಿಮಿಷ ಉಳಿಸಲಿಕ್ಕೆ ಹೋಗಿಯೇ ನಾನು ಮೂರು ದಿನ ಗುಜರಿ ಸುತ್ತಿದ್ದು.

ಗುಳಿ ಬಿಡಿಸುವುದು ಹೇಗೆ? ಅಂಗಡಿಯಲ್ಲಿ ಸಿಗುವ ಚಿಸಲ್ ದಪ್ಪ, ಕಚ್ಚಿನೊಳಗೆ ಹೋಗುವುದಿಲ್ಲ. ಇದು ನೋಡಿ, ಹಳೆಯ ಪಂಚಿನ ತುದಿಯನ್ನು ಗ್ರೈಂಡರಿನಲ್ಲಿ ತೀಡಿ ಮಾಡಿಕೊಂಡಿರುವುದು. ತುದಿ ಮೂರು ಮಿಲಿಮೀಟರ್ ಅಗಲ. ಒಂದು ಮುಖ ಪೂರ್ತಿ ಚಪ್ಪಟೆ, ಇನ್ನೊಂದು ಇಳಿಜಾರು. ಚಪ್ಪಟೆ ಮುಖ ಶಾಫ್ಟಿನ ಕಡೆಗೆ, ಇಳಿಜಾರು ಕಾಲರಿನ ಕಡೆಗೆ. ಶಾಫ್ಟಿನ ಉದ್ದಕ್ಕೆ, ಕಚ್ಚಿನ ದಾರಿಯಲ್ಲೇ ಇಳಿಸಿ ಸಣ್ಣ ಸುತ್ತಿಗೆಯಿಂದ ತಟ್ಟಬೇಕು. ಇಳಿಜಾರು ಒಳಗೆ ಹೋದಷ್ಟೂ ಕಾಲರು ತಾನಾಗಿ ಹೊರಕ್ಕೆ ಬಾಗುತ್ತದೆ. ದೊಡ್ಡ ಏಟು ಬೇಡ. ತೆಂಗಿನಕಾಯಿ ಒಡೆಯುವ ಕೈ ಅಲ್ಲ, ಬೆಳ್ಳಿ ಕೆಲಸದವರ ಕೈ. ಚಿಸಲ್ ಜಾರಿ ಶಾಫ್ಟಿನ ಥ್ರೆಡ್ಡಿಗೆ ತಗುಲಿದರೆ ಇನ್ನೊಂದು ಕೆಲಸ ಹುಟ್ಟಿತು.

ಇಲ್ಲಿ ನಮ್ಮವರು ಮಾಡುವ ಇನ್ನೊಂದು ಎಡವಟ್ಟು, ಅರ್ಧ ಬಿಡಿಸಿ ‘ಸಾಕು, ಬರುತ್ತೆ’ ಅನ್ನುವುದು. ಬರುತ್ತದೆ, ನಿಜ. ಉಳಿದ ಗುಳಿ ನೇಗಿಲಿನ ಹಾಗೆ ಶಾಫ್ಟಿನ ಥ್ರೆಡ್ಡನ್ನು ಉತ್ತುಕೊಂಡೇ ಬರುತ್ತದೆ. ಕಾಲರಿನ ಒಳ ಅಂಚು ಕಚ್ಚಿನಿಂದ ಪೂರ್ತಿ ಮೇಲೆ ಬಂದು, ಟಾರ್ಚು ಹಾಕಿದರೆ ಶಾಫ್ಟಿಗೂ ಕಾಲರಿಗೂ ನಡುವೆ ಸಂದು ಕಾಣಬೇಕು. ಚಿಸಲ್ ಹೋಗುವಷ್ಟೂ ಜಾಗ ಇಲ್ಲದಿದ್ದರೆ ಪೆನ್ನಿನ ಗಾತ್ರದ ಗ್ರೈಂಡರಿನಲ್ಲಿ ಗುಳಿಯ ಜಾಗವನ್ನು ಹೊರಗಿನಿಂದ ಸವೆಸುತ್ತೇನೆ. ಬಾಳೆಕಾಯಿ ಸಿಪ್ಪೆಯಷ್ಟು ತೆಳ್ಳಗಾದ ಮೇಲೆ ಅದು ಸ್ಕ್ರೂಡ್ರೈವರಿಗೇ ಬಗ್ಗುತ್ತದೆ. ಗ್ರೈಂಡ್ ಮಾಡುವ ಮುಂಚೆ ಸುತ್ತಲಿನ ಬೇರಿಂಗು, ಗೇರು ಎಲ್ಲದಕ್ಕೂ ಗ್ರೀಸ್ ಹಚ್ಚಿದ ಬಟ್ಟೆ ಸುತ್ತಿ. ಹಾರುವ ಪುಡಿ ಗ್ರೀಸಿಗೆ ಅಂಟಿಕೊಳ್ಳುತ್ತದೆ. ಅದು ಬೇರಿಂಗಿನೊಳಕ್ಕೆ ಹೋದರೆ, ನೀವು ಕಟ್ಟಿದ ಪೆಟ್ಟಿಗೆ ಒಂದು ತಿಂಗಳಲ್ಲಿ ಗೊಣಗಲು ಶುರುಮಾಡುತ್ತದೆ.

ಈಗ ದಿಕ್ಕು. ಎಲ್ಲ ನಟ್ಟೂ ಒಂದೇ ಕಡೆ ಬಿಚ್ಚುತ್ತದೆ ಅನ್ನುವ ನಂಬಿಕೆ ನಮಗೆ ನಲ್ಲಿಯಿಂದ ಬಂದದ್ದು. ಆದರೆ ಉಲ್ಟಾ ಥ್ರೆಡ್ ನಿಮ್ಮ ಮನೆಯಲ್ಲೂ ಇದೆ. ಸೈಕಲ್ಲಿನ ಎಡಗಡೆಯ ಪೆಡಲ್ ಉಲ್ಟಾ. ಮಾಮೂಲಿ ಥ್ರೆಡ್ ಇದ್ದಿದ್ದರೆ ತುಳಿಯುತ್ತ ತುಳಿಯುತ್ತ ಅದು ತಾನೇ ಕಳಚಿ ಬೀಳುತ್ತಿತ್ತು. ಬೆಂಚ್ ಗ್ರೈಂಡರಿನ ಎಡ ಚಕ್ರದ ನಟ್ಟು ಉಲ್ಟಾ. ಗ್ಯಾಸ್ ವೆಲ್ಡಿಂಗ್ ಮಾಡುವವರ ಹತ್ತಿರ ಹೋಗಿ ನೋಡಿ: ಆಕ್ಸಿಜನ್ ಹೋಸಿನ ನಟ್ಟು ಮಾಮೂಲಿ, ಅಸಿಟಿಲೀನ್ ಹೋಸಿನದು ಉಲ್ಟಾ. ಒಂದರ ಬದಲು ಇನ್ನೊಂದು ಸೇರಿಸಲಿಕ್ಕೇ ಆಗಬಾರದು ಅಂತ ಹಾಗೆ. ಅಸಿಟಿಲೀನ್ ನಟ್ಟಿನ ಮೂಲೆಗಳ ಮೇಲೆ ಸುತ್ತಲೂ ಒಂದು ಗೀರು ಕೊರೆದಿರುತ್ತಾರೆ, ಉಲ್ಟಾ ಅನ್ನುವ ಗುರುತಿಗೆ. ಗೇರ್‌ಬಾಕ್ಸಿನ ಕೆಲವು ಉಲ್ಟಾ ನಟ್ಟುಗಳಲ್ಲೂ ಇಂಥ ಗೀರೋ ಬಾಣದ ಗುರುತೋ ಇರುತ್ತದೆ. ಇರದೆಯೂ ಇರಬಹುದು, ಹಾಗಾಗಿ ಗುರುತನ್ನೇ ನಂಬಿ ಕೂರಬೇಡಿ.

ಗೇರ್‌ಬಾಕ್ಸಿನಲ್ಲಿ ಉಲ್ಟಾ ಯಾಕೆ? ಶಾಫ್ಟು ತಿರುಗುವಾಗ ಅದರ ಮೇಲಿನ ಗೇರೋ ಬೇರಿಂಗೋ ನಟ್ಟನ್ನು ಒಂದೇ ಕಡೆಗೆ ಸವರುತ್ತ ಇರುತ್ತದೆ. ಆ ಸವರಾಟ ನಟ್ಟನ್ನು ಬಿಚ್ಚುವ ಕಡೆಗಿದ್ದರೆ ಥ್ರೆಡ್ಡನ್ನೇ ತಿರುಗಿಸಿ ಹಾಕುತ್ತಾರೆ. ಎರಡು ಶಾಫ್ಟುಗಳು ಹಲ್ಲಿಗೆ ಹಲ್ಲು ಕೊಟ್ಟು ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತವೆ. ಹಾಗಾಗಿ ಒಂದೇ ಪೆಟ್ಟಿಗೆಯಲ್ಲಿ ಒಂದು ನಟ್ಟು ಮಾಮೂಲಿ, ಪಕ್ಕದ್ದು ಉಲ್ಟಾ ಇರುವುದುಂಟು. ‘ಒಂದು ಬಂತಲ್ಲ, ಇನ್ನೊಂದೂ ಹಾಗೇ’ ಅಂತ ಹೊರಟವರ ಶಾಫ್ಟುಗಳನ್ನು ಗುಜರಿಯಲ್ಲಿ ಕಂಡಿದ್ದೇನೆ.

ಗುರುತಿಸುವ ಉಪಾಯ ಹೇಳುತ್ತೇನೆ, ಪುಸ್ತಕ ಬೇಡ. ಜೇಬಿನಲ್ಲಿ ಒಂದು ಮಾಮೂಲಿ ಬೋಲ್ಟ್ ಇಟ್ಟುಕೊಳ್ಳಿ. ಶಾಫ್ಟಿನ ತುದಿಯಲ್ಲಿ ನಟ್ಟಿನಾಚೆ ಕಾಣುವ ಒಂದೆರಡು ಸುತ್ತು ಥ್ರೆಡ್ಡಿನ ಪಕ್ಕಕ್ಕೆ ಆ ಬೋಲ್ಟನ್ನು ಹಿಡಿಯಿರಿ. ಎರಡರ ಗೆರೆಗಳೂ ಒಂದೇ ಕಡೆಗೆ ಓರೆಯಾಗಿದ್ದರೆ ಮಾಮೂಲಿ. ಒಂದು ಹೀಗೆ, ಒಂದು ಹಾಗೆ, ಮನೆಯ ಹೆಂಚಿನ ಎರಡು ಇಳಿಜಾರಿನ ಥರ ಇದ್ದರೆ ಉಲ್ಟಾ. ಮರೆತರೂ ಬೋಲ್ಟು ಮರೆಯುವುದಿಲ್ಲ.

ಮುಂದಿನದು ನನ್ನ ಪ್ರಕಾರ ನಿಜವಾದ ಕಷ್ಟ. ನಟ್ಟು ತಿರುಗಿಸುವುದು ಸುಲಭ, ಶಾಫ್ಟು ತಿರುಗದಂತೆ ಹಿಡಿಯುವುದೇ ಕೆಲಸ. ನೂರೈವತ್ತು ನ್ಯೂಟನ್ ಮೀಟರ್ ನಟ್ಟಿಗೆ ಕೊಟ್ಟರೆ ಅಷ್ಟನ್ನೂ ಶಾಫ್ಟು ಎಲ್ಲಿಯಾದರೂ ಒರಗಿ ತಡೆಯಬೇಕು. ಸ್ಕ್ರೂಡ್ರೈವರ್ ತುರುಕಿದರೆ ಅಷ್ಟೂ ಬಂದು ಒಂದು ಹಲ್ಲಿನ ತುದಿಯ ಮೇಲೆ ಬೀಳುತ್ತದೆ. ಗೇರಿನ ಹಲ್ಲಿನ ಮೇಲ್ಪದರ ಗಾಜಿನ ಹಾಗೆ ಗಟ್ಟಿ. ಸವೆಯುವುದಿಲ್ಲ, ಆದರೆ ಮೂಲೆಗೆ ಏಟು ಬಿದ್ದರೆ ಚಕ್ಕೆ ಏಳುತ್ತದೆ. ಮಧ್ಯೆ ತಾಮ್ರದ ತುಂಡಿಟ್ಟರೆ ಪರವಾಗಿಲ್ಲ ಅನ್ನುವವರಿದ್ದಾರೆ. ಸ್ಕ್ರೂಡ್ರೈವರಿಗಿಂತ ವಾಸಿ, ಒಪ್ಪುತ್ತೇನೆ. ನಾನು ಮಾಡುವುದಿಲ್ಲ.

ಪೆಟ್ಟಿಗೆಯೇ ಒಂದು ಉಪಾಯ ಇಟ್ಟುಕೊಂಡಿದೆ. ಎರಡು ಗೇರು ಒಟ್ಟಿಗೆ ಹಾಕಿಬಿಡಿ. ಓಡುವ ಕಾರಿನಲ್ಲಿ ಹಾಗಾಗಬಾರದು ಅಂತಲೇ ಒಳಗೆ ಇಂಟರ್‌ಲಾಕ್ ಇಟ್ಟಿರುತ್ತಾರೆ. ಒಂದು ಗೇರು ಬಿದ್ದಿರುವಾಗ ಇನ್ನೊಂದಕ್ಕೆ ದಾರಿ ಬಿಡುವುದಿಲ್ಲ. ಯಾಕೆಂದರೆ ಎರಡು ಗೇರಿನ ಲೆಕ್ಕ ಬೇರೆಬೇರೆ. ಒಂದೇ ಶಾಫ್ಟು ಒಂದೇ ಹೊತ್ತಿಗೆ ಎರಡು ವೇಗದಲ್ಲಿ ತಿರುಗಲಾರದು, ಹಾಗಾಗಿ ಎಲ್ಲವೂ ನಿಂತುಬಿಡುತ್ತದೆ. ನಮಗೆ ಬೇಕಾಗಿರುವುದು ಅದೇ! ಗೇರನ್ನು ಶಾಫ್ಟಿಗೆ ಕಚ್ಚಿಸುವ ಜಾರುಬಳೆಗೆ ಸ್ಲೀವು ಅನ್ನುತ್ತೇವೆ, ಅದನ್ನು ಜರುಗಿಸುವ ಕವಲಿಗೆ ಫೋರ್ಕು. ಮುಚ್ಚಳ ತೆಗೆದು ಫೋರ್ಕು ಕಳಚಿದ ಮೇಲೆ ಸ್ಲೀವುಗಳನ್ನು ಕೈಯಲ್ಲೇ ಜರುಗಿಸಬಹುದು. ನೋಡಿ, ಇದನ್ನು ಈ ಕಡೆ ತಳ್ಳಿದೆ, ಒಂದು ಗೇರು ಬಿತ್ತು, ಇನ್ನೂ ತಿರುಗುತ್ತಿದೆ. ಈಗ ಐದನೇ ಗೇರಿನ ಸ್ಲೀವನ್ನೂ ತಳ್ಳಿದೆ. ನೀವೇ ತಿರುಗಿಸಿ ನೋಡಿ, ಸಾರ್. ಅಲುಗುತ್ತಾ? ಇಲ್ಲ. ಈಗ ಬಲ ಬೀಳುವುದು ಒಂದು ಹಲ್ಲಿನ ಮೇಲಲ್ಲ, ಸ್ಲೀವು ಸುತ್ತಲೂ ಕಚ್ಚಿಕೊಳ್ಳುವ ಅಷ್ಟೂ ಪುಟ್ಟ ಹಲ್ಲುಗಳು, ಡಾಗ್ ಹಲ್ಲುಗಳು, ಹಂಚಿಕೊಳ್ಳುತ್ತವೆ. ಸ್ಲೀವು ಪೂರ್ತಿ ಒಳಗೆ ಕೂತಿರಬೇಕು, ಅದೊಂದು ನಿಗಾ ಇರಲಿ. ತುದಿಯಲ್ಲಿ ಕಚ್ಚಿಕೊಂಡಿದ್ದರೆ ಹಲ್ಲಿನ ಮೊನೆ ಮುರಿಯುತ್ತದೆ.

ಶಾಫ್ಟು ಒಂಟಿಯಾಗಿ ಹೊರಗೆ ಬಂದಿದ್ದರೆ ಈ ಉಪಾಯ ನಡೆಯುವುದಿಲ್ಲ. ಎಂಜಿನ್ ಕಡೆಯ ಶಾಫ್ಟಾದರೆ ಅದೇ ಗಾಡಿಯ ಹಳೆಯ ಕ್ಲಚ್ ಪ್ಲೇಟು ಹುಡುಕಿ. ಅದರ ನಡುವಿನ ಹಬ್ಬು ಶಾಫ್ಟಿನ ಸ್ಪ್ಲೈನಿಗೆ, ಅಂದರೆ ಉದ್ದಕ್ಕೆ ಕೊರೆದ ಹಲ್ಲುಗಳಿಗೆ, ಕೈಗವಸಿನಂತೆ ಕೂರುತ್ತದೆ. ಪ್ಲೇಟಿನ ಉಳಿದ ಭಾಗ ಕತ್ತರಿಸಿ ಹಬ್ಬಿಗೆ ಎರಡಡಿ ಪಟ್ಟಿ ವೆಲ್ಡ್ ಮಾಡಿಸಿದರೆ ಜೀವಮಾನಕ್ಕೆ ಒಂದು ಹಿಡಿ. ಗುಜರಿಯಲ್ಲಿ ಸವೆದ ಪ್ಲೇಟಿಗೆ ಕಬ್ಬಿಣದ ತೂಕದ ದುಡ್ಡು ಕೊಟ್ಟರಾಯಿತು. ವೈಸಿನಲ್ಲಿ ಹಿಡಿಯುವವರು ದವಡೆಗಳಿಗೆ ತಾಮ್ರದ ತಗಡು ಹಾಕಿ. ಬೇರಿಂಗು ಕೂರುವ ನುಣುಪು ಜಾಗವನ್ನಂತೂ ಕಚ್ಚಿಸಲೇಬೇಡಿ. ಪೆಟ್ಟಿಗೆಯೂ ಬೆಂಚಿಗೆ ಬೋಲ್ಟ್ ಆಗಿರಬೇಕು. ನಮ್ಮ ಶೆಡ್ಡಿನಲ್ಲಿ ಒಬ್ಬ ಹುಡುಗನನ್ನು ಅದರ ಮೇಲೆ ಕೂರಿಸುತ್ತಿದ್ದರು. ಎಷ್ಟೋ ವರ್ಷ ಆ ಹುಡುಗ ನಾನೇ.

ಗೋಟಿಯ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸಾಕೆಟ್ಟಿಗೆ ನಾವು ಗೋಟಿ ಅನ್ನುತ್ತೇವೆ, ಹೊಸಬರಿಗೆ ಗೊತ್ತಿರಲಿ. ಈ ನಟ್ಟಿನ ಪಕ್ಕೆಗಳ ಎತ್ತರ ಎಷ್ಟು ಕಡಿಮೆ ನೋಡಿ. ಈಗ ಗೋಟಿಯ ಬಾಯಿ ನೋಡಿ. ನಟ್ಟು ಸಲೀಸಾಗಿ ಒಳಹೋಗಲಿ ಅಂತ ಬಾಯಂಚನ್ನು ಒಳಕ್ಕೆ ಇಳಿಜಾರಾಗಿ ತೆಗೆದಿರುತ್ತಾರೆ. ಮಾಮೂಲಿ ದಪ್ಪ ನಟ್ಟಿಗೆ ಅದರಿಂದ ತೊಂದರೆಯಿಲ್ಲ. ಇಂಥ ತೆಳು ನಟ್ಟಿಗೆ ಆ ಇಳಿಜಾರಿನಲ್ಲೇ ಅರ್ಧ ಎತ್ತರ ಕಳೆದುಹೋಗುತ್ತದೆ, ಉಳಿದರ್ಧ ಮಾತ್ರ ಹಿಡಿತ. ಜೋರಾಗಿ ತಿರುಗಿಸಿದರೆ ಗೋಟಿ ಎದ್ದು ಜಾರುತ್ತದೆ, ಮೂಲೆ ದುಂಡಗಾಗುತ್ತದೆ. ಆಮೇಲೆ ‘ನಟ್ಟು ಸ್ಲಿಪ್ ಆಯ್ತು ಸಾರ್’ ಅನ್ನುತ್ತೇವೆ, ಜಾರಿದ್ದು ನಟ್ಟೋ ನಾವೋ!

ಮದ್ದು ಬಲು ಸರಳ. ಆರು ಮೂಲೆಯ ಇಂಪ್ಯಾಕ್ಟ್ ಗೋಟಿ ತೆಗೆದುಕೊಂಡು ಲೇತ್ ಅಂಗಡಿಗೆ ಹೋಗಿ, ಬಾಯಿಯ ಮುಖವನ್ನು ಆ ಇಳಿಜಾರು ಮುಗಿಯುವವರೆಗೆ ಕೆತ್ತಿಸಿಬಿಡಿ. ಹನ್ನೆರಡು ಮೂಲೆಯದು ಬೇಡ. ಇದಕ್ಕೆ ಬೆಂಗಳೂರಿನಷ್ಟು ಅನುಕೂಲದ ಊರು ಇನ್ನೊಂದಿಲ್ಲ. 1953ರಲ್ಲಿ ಹುಟ್ಟಿದ ಸರ್ಕಾರಿ ಕಂಪನಿ ಎಚ್‌ಎಂಟಿ ಜಾಲಹಳ್ಳಿಯಲ್ಲಿ ಲೇತ್ ಮಾಡಿದ ಊರು ಇದು. ಪೀಣ್ಯದಲ್ಲಿ ಇವತ್ತಿಗೂ ಬೀದಿಗೊಂದು ಲೇತು ಇದೆ. ಕೆಲಸ ಹತ್ತು ನಿಮಿಷದ್ದು. ಗೋಟಿಯೇ ಇಲ್ಲದ ನಟ್ಟುಗಳೂ ಬರುತ್ತವೆ: ದುಂಡಗಿದ್ದು ನಾಲ್ಕು ಕಚ್ಚು ಮಾತ್ರ ಇರುವಂಥವು. ಅದಕ್ಕೆ ಸರಿಯಾದ ಅಳತೆಯ ದಪ್ಪ ಪೈಪಿನ ಬಾಯಲ್ಲಿ ನಾಲ್ಕು ಹಲ್ಲು ಬಿಟ್ಟು ಉಳಿದದ್ದನ್ನು ಕತ್ತರಿಸಿ, ಇನ್ನೊಂದು ತುದಿಗೆ ಹಾಳಾದ ಗೋಟಿಯೊಂದನ್ನು ವೆಲ್ಡ್ ಮಾಡಿಸುತ್ತೇವೆ. ಕಚ್ಚುಗಳಿಗೆ ಚಿಸಲ್ ಇಟ್ಟು ಸುತ್ತಿಗೆಯಲ್ಲಿ ಹೊಡೆದು ತಿರುಗಿಸಿದ ನಟ್ಟುಗಳನ್ನು ನೋಡಿದರೆ, ಮುಂಚೆ ಯಾವ ಥರದ ಕೈ ಆ ಪೆಟ್ಟಿಗೆ ಬಿಚ್ಚಿತ್ತು ಅಂತ ತಿಳಿದುಬಿಡುತ್ತದೆ.

ಬೀಗ ತೆಗೆದಾಯಿತು, ದಿಕ್ಕು ಗೊತ್ತಾಯಿತು, ಶಾಫ್ಟು ಹಿಡಿದಾಯಿತು, ಗೋಟಿ ಕೂತಿತು. ಈಗ ಪೈಪು ಹಾಕಿ! ನಾನು ಪೈಪಿನ ವಿರೋಧಿಯಲ್ಲ. ಒಂದೇ ಸಮ ಬಲ ಕೊಡಿ, ಜರ್ಕು ಬೇಡ. ಸರಿಯಾಗಿ ಬಿಡುವ ನಟ್ಟು ‘ಟಕ್’ ಅನ್ನುತ್ತದೆ. ಚಿಟಿಕೆ ಹೊಡೆದ ಹಾಗೆ, ಒಂದೇ ಸಲ. ‘ಕ್ರೀ’ ಅಂತ ಎಳೆದರೆ ನಿಲ್ಲಿಸಿ. ಏನೋ ಕೆರೆಯುತ್ತಿದೆ. ಅವತ್ತು ವಿಲ್ಸನ್ ಗಾರ್ಡನ್ನಿನಲ್ಲಿ ನಾವು ಕೇಳಿ ಖುಷಿಪಟ್ಟ ಸದ್ದು ಅದೇ.

ಮುಂದಿನ ಸಾಲಿನ ಹುಡುಗ ಆಗಿನಿಂದ ಕೈ ಎತ್ತಿದ್ದಾನೆ. ಕೇಳಪ್ಪ.

‘ಸಾರ್, ಇಂಪ್ಯಾಕ್ಟ್ ಗನ್ ಇಟ್ಟರೆ ಎರಡು ಸೆಕೆಂಡಲ್ಲಿ ಬರುತ್ತಲ್ಲ?’

ಬರುತ್ತೆ. ಪಟಪಟ ಏಟು ಕೊಟ್ಟು ನಟ್ಟು ತಿರುಗಿಸುವ ಆ ಗನ್ನನ್ನು ನಾನೂ ಬಳಸುತ್ತೇನೆ. ನಟ್ಟನ್ನು ಹಿಡಿದಿರುವುದು ಹೆಚ್ಚಿನ ಪಾಲು ಘರ್ಷಣೆ. ನೀನು ಬಿಗಿಯುವಾಗ ಹಾಕುವ ಬಲದಲ್ಲಿ ನೂರಕ್ಕೆ ತೊಂಬತ್ತರಷ್ಟು ಥ್ರೆಡ್ಡಿನ ಮತ್ತು ನಟ್ಟಿನಡಿಯ ಉಜ್ಜಾಟಕ್ಕೇ ಹೋಗುತ್ತದೆ. ಹತ್ತರಷ್ಟು ಮಾತ್ರ ಅದುಮಿ ಹಿಡಿಯುವ ಕೆಲಸಕ್ಕೆ. ಗನ್ನಿನ ಏಟು ಆ ಉಜ್ಜಾಟವನ್ನು ಕದಲಿಸುತ್ತದೆ. ಏಟು ಎಷ್ಟು ಚುರುಕು ಅಂದರೆ ಶಾಫ್ಟು ತಿರುಗಲು ಹೊರಡುವಷ್ಟರಲ್ಲಿ ನಟ್ಟು ಬಿಟ್ಟಿರುತ್ತದೆ. ಹಿಡಿತ ಸ್ವಲ್ಪ ಸಡಿಲವಿದ್ದರೂ ನಡೆಯುತ್ತದೆ. ಆದರೆ ಗನ್ನಿಗೆ ಕಣ್ಣಿಲ್ಲ. ಬೀಗ ತೆಗೆದಿಲ್ಲ ಅಂತಾಗಲಿ ಥ್ರೆಡ್ ಉಲ್ಟಾ ಅಂತಾಗಲಿ ಅದಕ್ಕೆ ತಿಳಿಯದು. ಕೈಯಲ್ಲಾದರೆ ಸ್ಪ್ಯಾನರ್ ನಿನಗೆ ಸುದ್ದಿ ಕೊಡುತ್ತದೆ, ಗನ್ನು ಸದ್ದಿನಲ್ಲಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ನಾಲ್ಕೈದು ಸೆಕೆಂಡಿನಲ್ಲಿ ಬರಲಿಲ್ಲವೆಂದರೆ ನಾನು ನಿಲ್ಲಿಸುತ್ತೇನೆ. ಗಂಟೆಗಟ್ಟಲೆ ಬಡಿದರೆ ಏಟೆಲ್ಲ ಬೇರಿಂಗಿನ ಗುಂಡುಗಳ ಮೂಲಕವೇ ಹಾದುಹೋಗುತ್ತದೆ. ಗುಂಡು ಕೂತ ಜಾಗದಲ್ಲಿ ಸಣ್ಣ ಗುಳಿ ಬಿದ್ದರೆ ಆ ಬೇರಿಂಗಿನ ಕತೆ ಮುಗಿಯಿತು. ಬಿಗಿಯುವುದಕ್ಕಂತೂ ಗನ್ನು ಬೇಡವೇ ಬೇಡ.

ಹಿಂದಿನಿಂದ ಬೆಂಕಿಯ ಪ್ರಶ್ನೆ ಬಂದಿದೆ. ನಮ್ಮವರಿಗೆ ಗ್ಯಾಸ್ ಟಾರ್ಚು ಕಂಡರೆ ಪ್ರೀತಿ. ಲೆಕ್ಕ ಕೇಳಿ. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ತನ್ನ ಉದ್ದದ ಹತ್ತು ಲಕ್ಷದಲ್ಲಿ ಸುಮಾರು 12 ಪಾಲು ಹಿಗ್ಗುತ್ತದೆ. 30 ಮಿಲಿಮೀಟರ್ ನಟ್ಟನ್ನು ನೂರು ಡಿಗ್ರಿ ಹೆಚ್ಚು ಕಾಯಿಸಿದರೆ ಸಿಗುವುದು 0.036 ಮಿಲಿಮೀಟರು, ತಲೆಕೂದಲ ಅರ್ಧದಷ್ಟು. ಶಾಫ್ಟೂ ಜೊತೆಗೇ ಕಾದರೆ ಅದೂ ಇಲ್ಲ. ಹಾಗಾಗಿ ಎಣ್ಣೆಯಲ್ಲಿ ಬದುಕಿದ ನಟ್ಟಿಗೆ ಬೆಂಕಿಯಿಂದ ಹೇಳಿಕೊಳ್ಳುವಂಥ ಲಾಭವಿಲ್ಲ. ಒಂದು ಸಂದರ್ಭ ಬೇರೆ: ಯಾರೋ ಕೆಂಪು ಲಾಕ್‌ಟೈಟ್ ಥರದ ಗಟ್ಟಿ ಅಂಟು ಹಚ್ಚಿದ್ದರೆ. ಅದು ಮೆತ್ತಗಾಗಲು 250 ಡಿಗ್ರಿ ಹತ್ತಿರ ಬೇಕು. ಅಲ್ಲೇ ಅಪಾಯವೂ ಇರುವುದು. ಬೇರಿಂಗನ್ನು 120 ಡಿಗ್ರಿ ದಾಟಿಸಬಾರದು ಅನ್ನುವುದು ನಮ್ಮ ಲೆಕ್ಕ. ಗೇರಿನ ಹಲ್ಲು ಇನ್ನೂರರ ಮೇಲೆ ಹೋದರೆ ತನ್ನ ಗಟ್ಟಿತನ ಕಳೆದುಕೊಳ್ಳತೊಡಗುತ್ತದೆ. ತಿಕ್ಕಿ ಹೊಳೆಯುವ ಉಕ್ಕು ಒಣಹುಲ್ಲಿನ ಬಣ್ಣಕ್ಕೆ ತಿರುಗಿತೆಂದರೆ ಇನ್ನೂರು ದಾಟಿತು ಅಂತ ಅರ್ಥ. ನೀಲಿಗೆ ಬಂದರೆ ಮುನ್ನೂರರ ಹತ್ತಿರ. ಆ ಗೇರು ನೋಡಲಿಕ್ಕೆ ಚಂದ, ಓಡಿಸಲಿಕ್ಕೆ ಬರುವುದಿಲ್ಲ. ಅಂಟಿದ್ದರೆ ನಟ್ಟಿಗಷ್ಟೇ ಬಿಸಿಗಾಳಿ ಗನ್ನು ಹಿಡಿದು, ಪಕ್ಕದ ಬೇರಿಂಗಿಗೆ ಒದ್ದೆ ಬಟ್ಟೆ ಸುತ್ತಿ, ಬಿಸಿ ಅಳೆಯುತ್ತ ಮಾಡಿ. ಕೊರೊನಾ ಕಾಲದಲ್ಲಿ ಕೊಂಡ ಹಣೆಗೆ ಹಿಡಿಯುವ ಥರ್ಮಾಮೀಟರ್ ತಂದವರಿದ್ದಾರೆ, ಅದು ಜ್ವರ ಅಳೆಯುತ್ತದೆ, ನಟ್ಟನ್ನಲ್ಲ. ಕಾರ್ಖಾನೆಯಲ್ಲಿ ಬಳಸುವಂಥದ್ದು ಬೇಕು. ಅದೂ ಹೊಳೆಯುವ ಲೋಹದ ಮೇಲೆ ಸುಳ್ಳು ಹೇಳುತ್ತದೆ, ನಟ್ಟಿಗೆ ಕಪ್ಪು ಮಾರ್ಕರ್ ಬಳಿದು ಅಳೆಯಿರಿ.

ಇಷ್ಟಾದರೂ ಬರಲಿಲ್ಲವೇ, ನಟ್ಟು ಕತ್ತರಿಸಿ. ಇದರಲ್ಲಿ ಅವಮಾನವೇನಿಲ್ಲ. ಹೇಗೂ ಕಾಲರಿನ ನಟ್ಟನ್ನು ಮತ್ತೆ ಹಾಕುವಂತಿಲ್ಲ. ಶಾಫ್ಟು ಉಳಿಯಲಿ, ನಟ್ಟು ಹೋಗಲಿ. ಸಣ್ಣ ಕಟಿಂಗ್ ಚಕ್ರದಲ್ಲಿ ನಟ್ಟಿನ ಒಂದು ಪಕ್ಕೆಯ ಮೇಲೆ, ಶಾಫ್ಟಿನ ಉದ್ದಕ್ಕೇ ಕೊಯ್ಯುತ್ತ ಹೋಗಿ. ಥ್ರೆಡ್ಡಿಗೆ ಒಂದು ಕಾಗದದಷ್ಟು ಉಳಿದಾಗ ನಿಲ್ಲಿಸಿ. ಆ ಸೀಳಿನಲ್ಲಿ ಚಿಸಲ್ ಇಟ್ಟು ಒಂದು ತಿರುಚು ತಿರುಚಿದರೆ ನಟ್ಟು ಬಾಯಿ ಬಿಡುತ್ತದೆ, ಅದುಮಿ ಹಿಡಿದದ್ದೆಲ್ಲ ಒಮ್ಮೆಲೇ ಸಡಿಲವಾಗಿ ಬೆರಳಲ್ಲೇ ತಿರುಗುತ್ತದೆ. ಕಾಗದದಷ್ಟು ಅನ್ನುವುದು ಕೈಗೆ ಬರಲು ನಾಲ್ಕು ಹಾಳು ನಟ್ಟಿನ ಮೇಲೆ ಅಭ್ಯಾಸ ಮಾಡಿ. ಕನ್ನಡಕ ಹಾಕಿಕೊಳ್ಳಿ.

ಒಬ್ಬರು ಅಮ್ಮ ಕೇಳಿದರು: ‘ನಮ್ಮ ತಂದೆಯವರ ಕಾರು. ಮೆಕ್ಯಾನಿಕ್ಕು ನಟ್ಟು ಬರ್ತಿಲ್ಲ, ಶಾಫ್ಟೇ ಹೋಗಿದೆ ಅಂತಾರೆ. ನನಗೆ ಏನು ಗೊತ್ತಾಗುತ್ತೆ?’

ಗೊತ್ತಾಗುತ್ತೆ ಅಮ್ಮ. ಹೋಗಿ ಆ ನಟ್ಟು ತೋರಿಸಿ ಅನ್ನಿ. ಕಾಲರಿನ ಗುಳಿ ಹಾಗೇ ಒಳಗಿದೆಯೇ ನೋಡಿ. ಒಳಗಿದ್ದರೆ ಅವರು ಇನ್ನೂ ಬೀಗವನ್ನೇ ತೆಗೆದಿಲ್ಲ. ಪಕ್ಕೆಯ ಮೂಲೆಗಳು ದುಂಡಗಾಗಿದ್ದರೆ ಗೋಟಿ ಜಾರಿದೆ. ಹಾಗಿದ್ದರೂ ಕತ್ತರಿಸಿ ತೆಗೆಯಬಹುದು, ಶಾಫ್ಟು ಬದಲಿಸಬೇಕಾಗಿಲ್ಲ. ‘ಥ್ರೆಡ್ ಯಾವ ಕಡೆದು?’ ಅಂತ ಒಂದು ಮಾತು ಕೇಳಿ ಸುಮ್ಮನಿರಿ. ಗೊತ್ತಿರುವವರು ತಕ್ಷಣ ಹೇಳುತ್ತಾರೆ, ಗೊತ್ತಿಲ್ಲದವರು ಹೋಗಿ ನೋಡುತ್ತಾರೆ. ಎರಡೂ ನಿಮಗೆ ಒಳ್ಳೆಯದೇ.

ಕಟ್ಟುವಾಗಿನ ಮಾತು ಚುಟುಕಾಗಿ ಹೇಳುತ್ತೇನೆ, ಊಟದ ಹೊತ್ತಾಗಿದೆ. ಹೊಸ ನಟ್ಟನ್ನು ಪೆಟ್ಟಿಗೆ ಬಿಚ್ಚುವ ಮುಂಚೆಯೇ ತಂದಿಟ್ಟುಕೊಳ್ಳಿ. ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ, ಆದರೆ ಅವತ್ತೇ ಸಿಗುತ್ತದೆ ಅಂತಿಲ್ಲ. ಶಾಫ್ಟಿನ ಥ್ರೆಡ್ ತೊಳೆದು, ಹೊಸ ನಟ್ಟು ಬೆರಳಲ್ಲೇ ಕೊನೆಯವರೆಗೆ ಓಡುತ್ತದೆಯೇ ನೋಡಿ. ಓಡದಿದ್ದರೆ ಥ್ರೆಡ್ ಫೈಲಿನಲ್ಲಿ ಸರಿಮಾಡಿ, ಸ್ಪ್ಯಾನರಿನಲ್ಲಿ ದಬ್ಬಬೇಡಿ. ಬಿಗಿಯುವುದು ತಿರುಚುಬಲ ಅಳೆಯುವ ಟಾರ್ಕ್ ರೆಂಚಿನಲ್ಲಿ. ಬಿಡದಿಯಲ್ಲಿ ಟೊಯೊಟಾ ಕಿರ್ಲೋಸ್ಕರ್ ಆಟೋ ಪಾರ್ಟ್ಸ್‌ನವರು 2004ರಿಂದ ಮ್ಯಾನುಯಲ್ ಗೇರ್‌ಬಾಕ್ಸ್ ಮಾಡಿ ಹೊರದೇಶಕ್ಕೂ ಕಳಿಸುತ್ತಾರೆ. ಅಂಥ ಕಾರ್ಖಾನೆಯಲ್ಲಿ ಯಾರೂ ‘ಕೈ ಅಂದಾಜು’ ಅನ್ನುವುದಿಲ್ಲ. ನಾವು ಮಾತ್ರ ಯಾಕನ್ನಬೇಕು? ಕಾಲರು ಹೊಡೆಯಲು ತುದಿ ದುಂಡಗಿರುವ ಪಂಚ್ ಇರಲಿ. ಚೂಪು ಚಿಸಲಿನಲ್ಲಿ ಹೊಡೆದರೆ ಕಾಲರು ಬಾಗುವ ಬದಲು ಸೀಳುತ್ತದೆ.

ಕೊನೆಗೊಂದು, ಮೊನ್ನೆ ನಮ್ಮ ಗ್ಯಾರೇಜಿನಲ್ಲೇ ಆದದ್ದು. ಹುಡುಗನೊಬ್ಬ ಉಲ್ಟಾ ನಟ್ಟನ್ನು ಟಾರ್ಕ್ ರೆಂಚಿನಲ್ಲಿ ಬಿಗಿಯುತ್ತಿದ್ದ. ‘ಟಿಕ್’ ಅಂತ ಸದ್ದೇ ಬರಲಿಲ್ಲ, ಇನ್ನೂ ಬಿಗಿಯುತ್ತಲೇ ಇದ್ದ. ಟಿಕ್ ಅನ್ನುವ ರೆಂಚುಗಳಲ್ಲಿ ಬಹಳಷ್ಟು ಒಂದೇ ದಿಕ್ಕಿಗೆ ಅಳೆಯುತ್ತವೆ. ಎಡಕ್ಕೆ ತಿರುಗಿಸಿದರೆ ಬರೀ ಉದ್ದ ಹಿಡಿಯಷ್ಟೇ. ನಾನು ಆ ಕಡೆಯಿಂದ ಕೂಗಿ ನಿಲ್ಲಿಸಿದೆ. ಅವನು ರೆಂಚನ್ನು ತಿರುಗಿಸಿ, ಬೆನ್ನ ಮೇಲೆ ಕೊರೆದಿದ್ದ ಬಾಣ ನೋಡಿ, ನನ್ನ ಮುಖ ನೋಡಿದ. ‘ನೀವು ಹೇಳಿರಲಿಲ್ಲ ಉಸ್ತಾದ್’ ಅಂದ. ನಿಜ, ಹೇಳಿರಲಿಲ್ಲ. ಅದಕ್ಕೇ ಇವತ್ತು ನಿಮಗೆ ಹೇಳಿದೆ.

ಆ ತುಂಡು ಯಾರ ಹತ್ತಿರ ಇದೆ? ದಯವಿಟ್ಟು ವಾಪಸು ಕೊಡಿ.